ಹಡಗಿನ ಹಿಂದೆ ಎಳೆಯುವ ಉಪಕರಣದ ಸ್ಥಿರತೆ: ಯಾವ ಪರೀಕ್ಷೆ ಯಾರಿಗೆ ಸರಿ?

ಶಬ್ದದಿಂದ ತಳದ ಚಿತ್ರ ತೆಗೆಯುವ ಸೈಡ್ ಸ್ಕ್ಯಾನ್ ಸೋನಾರ್, ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್, ನೀರಡಿಯ ಕ್ಯಾಮೆರಾ ಇಂಥವನ್ನು ಕೇಬಲ್ಲಿಗೆ ಕಟ್ಟಿ ಎಳೆಯುವ ತಂಡಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ ಸಾಕೇ? ಮಾದರಿಯನ್ನು ಎಳೆದು ನೋಡುವ ಉದ್ದನೆಯ ನೀರಿನ ತೊಟ್ಟಿಯನ್ನು, ಅಂದರೆ ಟೋಯಿಂಗ್ ಟ್ಯಾಂಕನ್ನು, ಬಾಡಿಗೆಗೆ ಹಿಡಿಯಬೇಕೇ? ಅಥವಾ ಇರುವ ಹಣವನ್ನೆಲ್ಲ ಉಳಿಸಿಕೊಂಡು ನೇರವಾಗಿ ಸಮುದ್ರಕ್ಕೇ ಇಳಿಯುವುದು ಲೇಸೇ?

ಉತ್ತರಕ್ಕೆ ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಸ್ಥಿರತೆ ಉಪಕರಣವೊಂದರ ಗುಣವಲ್ಲ. ಹಡಗು, ಕೇಬಲ್, ಉಪಕರಣ ಮೂರೂ ಕೂಡಿದ ವ್ಯವಸ್ಥೆಯ ಗುಣ ಅದು. ಸಮುದ್ರ ಪರೀಕ್ಷೆಯನ್ನು ಬಿಟ್ಟರೆ ಉಳಿದ ಎಲ್ಲ ವಿಧಾನಗಳೂ ಈ ಮೂರರಲ್ಲಿ ಒಂದನ್ನೋ ಎರಡನ್ನೋ ಬದಿಗೆ ಸರಿಸುತ್ತವೆ. ಟ್ಯಾಂಕಿನಲ್ಲಿ ಹಡಗೂ ಇಲ್ಲ, ನಿಜವಾದ ಉದ್ದದ ಕೇಬಲ್ಲೂ ಇಲ್ಲ. ಗಾಳಿ ಸುರಂಗದಲ್ಲಿ ನೀರೇ ಇಲ್ಲ. ಆದ್ದರಿಂದ ಯಾವ ಪರೀಕ್ಷೆ ಅತ್ಯುತ್ತಮ ಎಂದು ಹುಡುಕುವುದಕ್ಕಿಂತ, ನನ್ನ ಸಮಸ್ಯೆಯಲ್ಲಿ ಯಾವ ಭಾಗವನ್ನು ಕೈಬಿಟ್ಟರೂ ಉತ್ತರ ಕೆಡುವುದಿಲ್ಲ ಎಂದು ಕೇಳಿಕೊಳ್ಳಬೇಕು. ಆ ಕ್ರಮದಲ್ಲಿ ಯೋಚಿಸಿದರೆ ಆಯ್ಕೆ ಬಹುಮಟ್ಟಿಗೆ ತಾನೇ ತೀರ್ಮಾನವಾಗುತ್ತದೆ.

ಅಳೆಯುವ ಮುನ್ನ ನಿರ್ಧರಿಸಬೇಕಾದದ್ದು

ಮೊದಲನೆಯದು, ನಿಮಗೆ ಯಾವ ಅಸ್ಥಿರತೆಯ ಭಯವಿದೆ ಎಂಬುದು. ಎಲ್ಲವನ್ನೂ ಸೇರಿಸಿ ‘ಅಲುಗಾಟ’ ಎಂದರೆ ಏನನ್ನೂ ಅಳೆಯಲಾಗದು.

ಉಪಕರಣದ ಮೂತಿ ಎಡಬಲಕ್ಕೆ ತಿರುಗುತ್ತಾ ಬಾಲ ಬೀಸಾಡುವುದು ಒಂದು ಬಗೆ. ಇದನ್ನು ‘ಯಾ’ ಅಸ್ಥಿರತೆ ಎನ್ನುತ್ತಾರೆ. ಬಾಲದ ರೆಕ್ಕೆಗಳು ಚಿಕ್ಕದಾಗಿದ್ದರೆ, ಇಲ್ಲವೇ ಎಳೆಯುವ ಬಿಂದು ತೀರ ಹಿಂದಿದ್ದರೆ ಹೀಗಾಗುತ್ತದೆ. ವೇಗ ಹೆಚ್ಚಿದಂತೆ ಉಪಕರಣ ಒಂದು ಪಕ್ಕಕ್ಕೆ ಸರಿದು ಅಲ್ಲೇ ನಿಲ್ಲುವುದು ಇನ್ನೊಂದು ಬಗೆ. ಅದಕ್ಕೆ ಬಹುತೇಕ ಕಾರಣ ಎಡ ಬಲಗಳ ಅಸಮತೆ. ಒಂದು ರೆಕ್ಕೆ ಕೇವಲ ಒಂದು ಡಿಗ್ರಿ ಓರೆಯಾಗಿ ಕೂತಿದ್ದರೂ ಸಾಕು. ನೀರಿನ ಬಲ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ, ಉಪಕರಣದ ತೂಕ ಮಾತ್ರ ಇದ್ದಷ್ಟೇ ಇರುತ್ತದೆ. 3 ನಾಟ್‌ನಲ್ಲಿ (ಒಂದು ನಾಟ್ ಎಂದರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್) ಗಮನಕ್ಕೇ ಬಾರದ ದೋಷ 6 ನಾಟ್‌ನಲ್ಲಿ ನಾಲ್ಕು ಪಟ್ಟು ಬಲದಿಂದ ಎಳೆಯುವುದು ಇದೇ ಕಾರಣಕ್ಕೆ. ಮೂರನೆಯ ಬಗೆ ಉಪಕರಣದ ತಪ್ಪೇ ಅಲ್ಲ. ಅಲೆಯ ಮೇಲೆ ಹಡಗಿನ ಹಿಂಬದಿ ಏರಿಳಿದಾಗ ಆ ಜಗ್ಗಾಟ ಕೇಬಲ್ಲಿನ ಮೂಲಕ ಕೆಳಗಿಳಿದು ಉಪಕರಣವನ್ನು ಮೇಲೆ ಕೆಳಗೆ ಕುಕ್ಕುತ್ತದೆ. ನಡುಮಟ್ಟದಿಂದ ಒಂದು ಮೀಟರ್ ಮೇಲಕ್ಕೂ ಒಂದು ಮೀಟರ್ ಕೆಳಕ್ಕೂ ಹೋಗುವ, 8 ಸೆಕೆಂಡ್ ಅವಧಿಯ ಏರಿಳಿತವಿದ್ದರೆ ಕೇಬಲ್ಲಿನ ಮೇಲ್ತುದಿ ಸೆಕೆಂಡಿಗೆ ಗರಿಷ್ಠ ಸುಮಾರು 0.8 ಮೀಟರ್ ವೇಗದಲ್ಲಿ ಮೇಲೂ ಕೆಳಗೂ ಓಡುತ್ತದೆ. ಮೇಲ್ತುದಿ ಇಳಿಯುವಷ್ಟು ಬೇಗ ಉಪಕರಣ ಮುಳುಗದಿದ್ದರೆ ಕೇಬಲ್ ಸಡಿಲವಾಗಿ, ಮರುಕ್ಷಣ ಝಾಡಿಸಿ ಬಿಗಿಯುತ್ತದೆ. ಕೇಬಲ್ಲುಗಳು ತುಂಡಾಗುವುದು ಹೆಚ್ಚಾಗಿ ಇಂಥ ಹೊಡೆತಕ್ಕೆ.

ಎರಡನೆಯದು, ಎಷ್ಟು ಅಲುಗಾಟವನ್ನು ಸಹಿಸಬಹುದು ಎಂಬ ಅಂಕಿ. ಇದನ್ನು ಪರೀಕ್ಷೆಗೆ ಮುನ್ನವೇ ಬರೆದಿಡಬೇಕು. ಸೈಡ್ ಸ್ಕ್ಯಾನ್ ಸೋನಾರಿನ ಉದಾಹರಣೆ ನೋಡಿ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 100 ಮೀಟರ್ ದೂರಕ್ಕೆ ಹೋಗಿ ಪ್ರತಿಧ್ವನಿ ಮರಳಲು 0.13 ಸೆಕೆಂಡ್ ಬೇಕು. ಅಷ್ಟರಲ್ಲಿ ಉಪಕರಣ ಸೆಕೆಂಡಿಗೆ 4 ಡಿಗ್ರಿ ವೇಗದಲ್ಲಿ ತಿರುಗುತ್ತಿದ್ದರೆ ಅರ್ಧ ಡಿಗ್ರಿ ಆಚೆಗೆ ಹೋಗಿರುತ್ತದೆ. ಸೋನಾರ್ ಕಿರಣದ ಅಗಲವೇ ಅರ್ಧ ಡಿಗ್ರಿಯಾಗಿದ್ದರೆ, ಕಳಿಸಿದ ದಿಕ್ಕಿನಿಂದ ಬರುವ ಪ್ರತಿಧ್ವನಿಯನ್ನು ಅದು ಬಹುಪಾಲು ಕಳೆದುಕೊಳ್ಳುತ್ತದೆ. ಅಂದರೆ ಇಲ್ಲಿ ಮಿತಿ ಹಾಕಬೇಕಾದದ್ದು ಎಷ್ಟು ಡಿಗ್ರಿ ತಿರುಗಿತು ಎಂಬುದಕ್ಕಿಂತ ಎಷ್ಟು ಬೇಗ ತಿರುಗಿತು ಎಂಬುದಕ್ಕೆ. ತಳದಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಸಾಗುವ ಕ್ಯಾಮೆರಾಕ್ಕೆ ಲೆಕ್ಕ ಬೇರೆ. ಅದು ಸ್ವಲ್ಪ ತಿರುಗಿದರೆ ನಷ್ಟವಿಲ್ಲ, ಒಂದು ಮೀಟರ್ ಏರಿಳಿದರೆ ಚಿತ್ರ ಕೆಟ್ಟಿತು.

ಮೂರನೆಯದು ಕಾಲ. ಅಲುಗಾಟದ ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಬೇಕು, ಪರೀಕ್ಷಾ ಸ್ಥಳ ನಿಮಗೆ ಎಷ್ಟು ಸೆಕೆಂಡ್ ನೋಡಲು ಬಿಡುತ್ತದೆ? ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆಯದೆ ಟ್ಯಾಂಕನ್ನು ಕಾದಿರಿಸುವವರೇ ಹೆಚ್ಚು ಎಂಬುದು ನನಗೆ ಬೇಸರದ ಸಂಗತಿ. ಕೊನೆಯದಾಗಿ ಹಣವಿದೆ, ಮತ್ತು ಉಪಕರಣ ಕಳೆದುಹೋದರೆ ಆಗುವ ನಷ್ಟವಿದೆ. ಇವೆರಡನ್ನೂ ಒಟ್ಟಿಗೆ ತೂಗಬೇಕು.

ಕಂಪ್ಯೂಟರ್ ಲೆಕ್ಕ: ಎಲ್ಲರಿಗೂ ಬೇಕು, ಯಾರಿಗೂ ಸಾಲದು

ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಒಂದು ಕೇಬಲ್ಲಿನ ಲೆಕ್ಕ. ಕೇಬಲ್ಲನ್ನು ಅನೇಕ ತುಣುಕುಗಳಾಗಿ ಭಾವಿಸಿ, ಪ್ರತಿ ತುಣುಕಿನ ತೂಕ, ಎಳೆತ, ನೀರಿನ ತಡೆಗಳನ್ನು ಕೂಡಿಸಿಕೊಂಡು ಇಡೀ ಕೇಬಲ್ ಹೇಗೆ ಬಾಗುತ್ತದೆ, ಹೇಗೆ ಜಗ್ಗುತ್ತದೆ ಎಂದು ಕಂಡುಕೊಳ್ಳುವುದು. ಇನ್ನೊಂದು ಉಪಕರಣದ ಸುತ್ತಲಿನ ನೀರಿನ ಹರಿವಿನ ಲೆಕ್ಕ, ಅಂದರೆ ಸಿಎಫ್‌ಡಿ. ಮೊದಲನೆಯದಕ್ಕೆ ಓರ್ಕಾಫ್ಲೆಕ್ಸ್‌ನಂಥ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳಿವೆ, ಎರಡನೆಯದಕ್ಕೆ ಓಪನ್‌ಫೋಮ್‌ನಂಥ ಮುಕ್ತ ತಂತ್ರಾಂಶಗಳಿವೆ.

ಕೇಬಲ್ಲಿನ ಲೆಕ್ಕವನ್ನು ನಾನು ಬಹಳ ನಂಬುತ್ತೇನೆ. ಸಾವಿರಾರು ಮೀಟರ್ ಕೇಬಲ್ ಬಿಟ್ಟು ಆಳದಲ್ಲಿ ಎಳೆಯುವವರಿಗೆ ಇದಕ್ಕೆ ಬದಲಿ ಇಲ್ಲ, ಅಷ್ಟು ಉದ್ದದ ಟ್ಯಾಂಕ್ ಜಗತ್ತಿನಲ್ಲಿಲ್ಲ. ಹಡಗು ತಿರುಗುವಾಗ ಒಳಬದಿಯಲ್ಲಿ ಉಪಕರಣದ ವೇಗ ಕುಗ್ಗಿ ಅದು ಎಷ್ಟು ಕೆಳಗೆ ಇಳಿಯುತ್ತದೆ, ತಳಕ್ಕೆ ಬಡಿಯುತ್ತದೆಯೇ ಎಂಬ ಪ್ರಶ್ನೆಗೆ ಮೇಜಿನ ಮುಂದೆ ಕುಳಿತೇ ಉಪಯುಕ್ತ ಉತ್ತರ ಸಿಗುತ್ತದೆ. ಆದರೆ ನೀವು ತುಂಬುವ ತಡೆಯ ಗುಣಾಂಕ, ಅಂದರೆ ಆ ಆಕಾರವನ್ನು ನೀರು ಎಷ್ಟು ತಡೆಯುತ್ತದೆ ಎಂಬ ಅಂಕಿ, ಸರಿಯಿರಬೇಕು. ದುಂಡನೆಯ ಕೇಬಲ್ಲಿನ ಹಿಂದೆ ಸುಳಿಗಳು ಒಂದಾದ ಮೇಲೊಂದು ಕಳಚಿಕೊಳ್ಳುತ್ತಾ ಅದು ಕಂಪಿಸುವಂತೆ ಮಾಡುತ್ತವೆ. 10 ಮಿಲಿಮೀಟರ್ ದಪ್ಪದ ಕೇಬಲ್ಲಿಗೆ ಸೆಕೆಂಡಿಗೆ 2 ಮೀಟರ್ ಹರಿವು ಅಡ್ಡಲಾಗಿ ಬಡಿದರೆ ಈ ಕಂಪನ ಸೆಕೆಂಡಿಗೆ ಸುಮಾರು 40 ಬಾರಿ. ಕಂಪಿಸುವ ಕೇಬಲ್ಲಿನ ತಡೆ ನಿಶ್ಚಲ ಕೇಬಲ್ಲಿಗಿಂತ ಬಹಳ ಹೆಚ್ಚು. ಗುಣಾಂಕ 1.2ರ ಆಸುಪಾಸಿನಿಂದ 2ರವರೆಗೂ ಏರಬಲ್ಲದು. ಇದನ್ನು ಮರೆತು ಲೆಕ್ಕ ಹಾಕಿದರೆ ಉಪಕರಣ ಕಾಗದದ ಮೇಲೆ ತಲುಪುವ ಆಳಕ್ಕೂ ನೀರಿನಲ್ಲಿ ತಲುಪುವ ಆಳಕ್ಕೂ ತಾಳೆಯಾಗುವುದಿಲ್ಲ.

ಹರಿವಿನ ಲೆಕ್ಕದ ವಿಷಯದಲ್ಲಿ ನಾನು ಹೆಚ್ಚು ಎಚ್ಚರದಿಂದಿರುತ್ತೇನೆ. ನಯವಾದ, ಉದ್ದನೆಯ ದೇಹಕ್ಕೆ, ಸಣ್ಣ ಕೋನಗಳಿಗೆ ಅದು ಚೆನ್ನಾಗಿ ಉತ್ತರಿಸುತ್ತದೆ. ಚೌಕಟ್ಟು, ಹಿಡಿಕೆ, ಬೋಲ್ಟು, ಹೊರಚಾಚಿದ ತಂತಿಗಳಿಂದ ತುಂಬಿದ ಮೊಂಡು ದೇಹದ ಹಿಂದೆ ಹರಿವು ಕಳಚಿಕೊಂಡಾಗ, ಆ ಕಲಕಿದ ನೀರಿನಲ್ಲೇ ಬಾಲದ ರೆಕ್ಕೆಗಳಿದ್ದಾಗ, ಬರುವ ಅಂಕಿಗಳನ್ನು ಯಾವುದಾದರೂ ಅಳತೆಯೊಂದಿಗೆ ಹೋಲಿಸದೆ ಒಪ್ಪಬಾರದು. ಎರಡು ವಿನ್ಯಾಸಗಳಲ್ಲಿ ಯಾವುದು ಮೇಲು ಎಂದು ತೂಗಲು ಅದು ಸರಿ. ಒಂದು ವಿನ್ಯಾಸ ಸುರಕ್ಷಿತವೇ ಎಂಬ ಅಂತಿಮ ತೀರ್ಪಿಗೆ ಸರಿಯಲ್ಲ.

ಟೋಯಿಂಗ್ ಟ್ಯಾಂಕ್

ಉದ್ದನೆಯ ನೀರಿನ ತೊಟ್ಟಿ, ಮೇಲೆ ಹಳಿಗಳ ಮೇಲೆ ಓಡುವ ಬಂಡಿ, ಅದಕ್ಕೆ ಕಟ್ಟಿದ ಮಾದರಿ. ವಿಲಿಯಂ ಫ್ರೂಡ್ 1872ರ ಹೊತ್ತಿಗೆ ಇಂಗ್ಲೆಂಡಿನ ಟಾರ್ಕೀಯಲ್ಲಿ ಇಂಥ ಟ್ಯಾಂಕನ್ನು ಹಡಗುಗಳ ಮಾದರಿಗಳಿಗಾಗಿ ಕಟ್ಟಿದರು. ಮೂಲ ಕಲ್ಪನೆ ಇಂದಿಗೂ ಅದೇ. ಇದರ ದೊಡ್ಡ ಬಲ ಪುನರಾವರ್ತನೆ. ಒಂದು ರೆಕ್ಕೆಯನ್ನು ಎರಡು ಸೆಂಟಿಮೀಟರ್ ಹಿಂದಕ್ಕೆ ಸರಿಸಿ ಅದೇ ವೇಗದಲ್ಲಿ, ಅದೇ ನೀರಿನಲ್ಲಿ ಮತ್ತೆ ಓಡಿಸಬಹುದು. ವ್ಯತ್ಯಾಸ ಕಂಡರೆ ಅದು ರೆಕ್ಕೆಯಿಂದಲೇ ಬಂದದ್ದು. ಸಮುದ್ರ ಇಂಥ ಭರವಸೆ ಕೊಡುವುದಿಲ್ಲ.

ಆದರೆ ಕಾಲದ ಲೆಕ್ಕ ಮಾಡಿ ನೋಡಿ. 100 ಮೀಟರ್ ಟ್ಯಾಂಕಿನಲ್ಲಿ ಬಂಡಿ ವೇಗ ಹಿಡಿಯಲು ಮತ್ತು ನಿಲ್ಲಲು 30 ಮೀಟರ್ ಹೋಯಿತೆಂದುಕೊಂಡರೆ ಉಳಿದದ್ದು 70 ಮೀಟರ್. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ, ಅಂದರೆ ಸುಮಾರು 4 ನಾಟ್‌ನಲ್ಲಿ, ನಿಮಗೆ ದೊರೆಯುವುದು 35 ಸೆಕೆಂಡ್. ಅಲುಗಾಟದ ಅವಧಿ 12 ಸೆಕೆಂಡ್ ಇದ್ದರೆ ಮೂರು ಸುತ್ತುಗಳೂ ಪೂರ್ತಿ ಕಾಣುವುದಿಲ್ಲ. ನಿಧಾನವಾಗಿ ಅಡಗುತ್ತಿರುವ ಅಲುಗಾಟಕ್ಕೂ ನಿಧಾನವಾಗಿ ಬೆಳೆಯುತ್ತಿರುವ ಅಲುಗಾಟಕ್ಕೂ ವ್ಯತ್ಯಾಸವನ್ನು ಅಷ್ಟರಲ್ಲಿ ಗುರುತಿಸಲಾಗದು. ನಿಜವಾಗಿ ತಿಳಿಯಬೇಕಾದದ್ದೇ ಆ ವ್ಯತ್ಯಾಸ.

ಇಲ್ಲಿ ಚಿಕ್ಕ ಮಾದರಿ ನೆರವಿಗೆ ಬರುತ್ತದೆ. ನಾಲ್ಕನೇ ಒಂದು ಅಳತೆಯ ಮಾದರಿಯನ್ನು ಫ್ರೂಡ್ ನಿಯಮದಂತೆ (ವೇಗ ಅಳತೆಯ ವರ್ಗಮೂಲದ ಪ್ರಮಾಣದಲ್ಲಿ ಇಳಿಯಬೇಕು) ಅರ್ಧ ವೇಗದಲ್ಲಿ ಎಳೆಯಬೇಕು, ಅದರ ಅಲುಗಾಟದ ಅವಧಿಯೂ ಅರ್ಧಕ್ಕಿಳಿಯುತ್ತದೆ. 35 ಸೆಕೆಂಡ್ ಇದ್ದದ್ದು 70 ಆಗುತ್ತದೆ, 12 ಸೆಕೆಂಡಿನ ಸುತ್ತು 6 ಸೆಕೆಂಡಿನದಾಗುತ್ತದೆ. ಮೂರೂ ಕಾಣದ ಕಡೆ ಹನ್ನೊಂದು ಸುತ್ತು ಕಾಣುತ್ತವೆ. ಇದಕ್ಕೆ ತೆರಬೇಕಾದ ಬೆಲೆ ಇದೆ. ಗಾತ್ರ ಮತ್ತು ವೇಗಗಳ ಗುಣಲಬ್ಧವನ್ನು ದ್ರವದ ಸ್ನಿಗ್ಧತೆಗೆ ಹೋಲಿಸುವ, ಹರಿವು ಎಷ್ಟು ಪ್ರಕ್ಷುಬ್ಧವಾದೀತೆಂದು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಚಿಕ್ಕ ರೆಕ್ಕೆಗಳ ಮೇಲೆ ಹರಿವು ನಿಜಗಾತ್ರದಲ್ಲಿದ್ದಂತೆ ಪ್ರಕ್ಷುಬ್ಧವಾಗದೆ ಪದರಪದರವಾಗಿ ಹರಿದು ಬೇಗನೆ ಕಳಚಿಕೊಳ್ಳಬಹುದು. ಮೂತಿಯ ಬಳಿ ಮರಳಿನ ಪಟ್ಟಿಯನ್ನೋ ತೆಳುತಂತಿಯನ್ನೋ ಅಂಟಿಸಿ ಹರಿವನ್ನು ಬೇಕೆಂದೇ ಕದಡುವುದು ಇದಕ್ಕಾಗಿ. ಹಾಗೆ ಮಾಡದ ಟ್ಯಾಂಕ್ ವರದಿ ಕೈಗೆ ಬಂದರೆ ಕಾರಣ ಕೇಳಿ. ಉಪಕರಣ ಆಳದಲ್ಲಿ ಸಾಗುವುದರಿಂದ ಅಲೆಗಳಿಲ್ಲ, ಹಾಗಾದರೆ ಫ್ರೂಡ್ ನಿಯಮವೇಕೆ ಎಂದು ಕೆಲವರು ಕೇಳುತ್ತಾರೆ. ನೀರಿನೊಳಗಿನ ತೂಕಕ್ಕೂ ಹರಿವಿನ ಬಲಕ್ಕೂ ಇರುವ ಅನುಪಾತ ಉಳಿಯಬೇಕಾದರೆ ಅದೇ ನಿಯಮ ಬೇಕು. ಕೇಬಲ್ ಎಷ್ಟು ಓರೆಯಾಗುತ್ತದೆ ಎಂಬುದು ಆ ಅನುಪಾತದಿಂದಲೇ ತೀರ್ಮಾನವಾಗುತ್ತದೆ.

ಟ್ಯಾಂಕನ್ನು ಇನ್ನೊಂದು ರೀತಿಯಲ್ಲೂ ಬಳಸಬಹುದು, ಮತ್ತು ಹೊಸ ಆಕಾರ ರೂಪಿಸುವವರಿಗೆ ನನ್ನ ಮಟ್ಟಿಗೆ ಅದೇ ಹೆಚ್ಚು ಲಾಭದ್ದು. ಮಾದರಿಯನ್ನು ಕೇಬಲ್ಲಿಗೆ ಕಟ್ಟದೆ ಗಟ್ಟಿ ಸರಳುಗಳಿಗೆ ಬಿಗಿದು, ಬೇಕಾದ ಕೋನ ಮತ್ತು ಅವಧಿಯಲ್ಲಿ ಬಲವಂತವಾಗಿ ಅಲುಗಾಡಿಸಿ ಬಲಗಳನ್ನು ಅಳೆಯುವುದು. ಇದಕ್ಕಾಗಿರುವ ಯಂತ್ರವನ್ನು ಪ್ಲೇನಾರ್ ಮೋಶನ್ ಮೆಕ್ಯಾನಿಸಂ ಎನ್ನುತ್ತಾರೆ, ಜಲಾಂತರ್ಗಾಮಿಗಳ ಅಧ್ಯಯನದಲ್ಲಿ 1950ರ ದಶಕದಿಂದ ಬಳಕೆಯಲ್ಲಿದೆ. ಹೀಗೆ ಸಿಕ್ಕ ಗುಣಾಂಕಗಳನ್ನು ಕೇಬಲ್ಲಿನ ಲೆಕ್ಕಕ್ಕೆ ತುಂಬಿದರೆ, ಟ್ಯಾಂಕಿನಲ್ಲಿ ಇಲ್ಲದ 200 ಮೀಟರ್ ಕೇಬಲ್ಲಿನ ತುದಿಯಲ್ಲಿ ಉಪಕರಣ ಹೇಗೆ ವರ್ತಿಸುತ್ತದೆ ಎಂದು ಹೇಳಬಹುದು. ಟ್ಯಾಂಕಿನಲ್ಲಿ ಎರಡು ಮೀಟರ್ ಕೇಬಲ್ಲಿಗೆ ಕಟ್ಟಿ ಎಳೆದು ‘ನೆಟ್ಟಗೆ ಬಂತು’ ಎಂದು ವಿಡಿಯೊ ತೆಗೆದುಕೊಂಡು ಹೋಗುವುದರಲ್ಲಿ ಅಷ್ಟು ಅರ್ಥವಿಲ್ಲ. ಚಿಕ್ಕ ಕೇಬಲ್ಲಿನ ತೂಗಾಟವೂ ಉದ್ದ ಕೇಬಲ್ಲಿನ ತೂಗಾಟವೂ ಒಂದೇ ಅಲ್ಲ.

ಹರಿವು ಕಾಲುವೆ ಮತ್ತು ಗಾಳಿ ಸುರಂಗ

ಪಂಪಿನಿಂದ ನೀರನ್ನೇ ಸುತ್ತಿಸುವ ಹರಿವು ಕಾಲುವೆಯಲ್ಲಿ ಉಪಕರಣ ನಿಂತಲ್ಲೇ ನಿಂತಿರುತ್ತದೆ, ನೀರು ಓಡುತ್ತದೆ. ಕಾಲದ ಮಿತಿ ಇಲ್ಲ. ಅರ್ಧ ಗಂಟೆ ಒಂದೇ ವೇಗದಲ್ಲಿ ಬಿಟ್ಟು, ಗಾಜಿನ ಗೋಡೆಯ ಮೂಲಕ ನೋಡುತ್ತಾ, ಎಳೆಯುವ ಬಿಂದುವನ್ನು ಬದಲಿಸುತ್ತಾ ಹೋಗಬಹುದು. ನಿಧಾನವಾಗಿ ಬೆಳೆಯುವ ಅಲುಗಾಟವನ್ನು ಹಿಡಿಯಲು ಟ್ಯಾಂಕಿಗಿಂತ ಇದು ಮೇಲು. ಕೊರತೆಗಳೆಂದರೆ ವೇಗ ಕಡಿಮೆ, ಗೋಡೆಗಳು ಹತ್ತಿರ, ನೀರಿನಲ್ಲೇ ಸ್ವಲ್ಪ ಕಲಕಾಟ. ಕಾಲುವೆಯ ಅಡ್ಡಕೊಯ್ತದಲ್ಲಿ ಮಾದರಿ ಹೆಚ್ಚು ಜಾಗ ಹಿಡಿದರೆ ನೀರು ಪಕ್ಕದಲ್ಲಿ ನುಸುಳುವಾಗ ವೇಗ ಹೆಚ್ಚಿ, ರೆಕ್ಕೆಗಳು ಇಲ್ಲದ ಬಲವನ್ನು ತೋರಿಸುತ್ತವೆ.

ಗಾಳಿ ಸುರಂಗದ ಹೆಸರು ಕೇಳಿ ಅನೇಕರು ಅಚ್ಚರಿಪಡುತ್ತಾರೆ. ಗಾಳಿಯ ಚಲನಾತ್ಮಕ ಸ್ನಿಗ್ಧತೆ (ಸಾಂದ್ರತೆಯಿಂದ ಭಾಗಿಸಿದ ಸ್ನಿಗ್ಧತೆ) ನೀರಿನದಕ್ಕಿಂತ ಸುಮಾರು 15 ಪಟ್ಟು. ಹಾಗಾಗಿ ನೀರಿನಲ್ಲಿ ಸೆಕೆಂಡಿಗೆ 2 ಮೀಟರ್ ಸಾಗುವ ಉಪಕರಣವನ್ನು ನಿಜಗಾತ್ರದಲ್ಲೇ ಸೆಕೆಂಡಿಗೆ 30 ಮೀಟರ್ ಗಾಳಿಗೆ ಒಡ್ಡಿದರೆ ರೆನಾಲ್ಡ್ಸ್ ಸಂಖ್ಯೆ ಹೊಂದುತ್ತದೆ, ಬಲಗಳು ನೀರಿನಲ್ಲಿ ಇರುವುದರ ಸುಮಾರು ಕಾಲು ಭಾಗ. ರೆಕ್ಕೆಗಳ ವಿಸ್ತೀರ್ಣ ಸಾಕೇ, ಯಾವ ಕೋನದಲ್ಲಿ ಅವು ಕೈಕೊಡುತ್ತವೆ ಎಂದು ತಿಳಿಯಲು ಇದು ಒಳ್ಳೆಯ ದಾರಿ. ಸ್ಥಿರ ಬಲಗಳಿಗಷ್ಟೇ. ಉಪಕರಣ ಅಲುಗಿದಾಗ ಜೊತೆಗೆ ಚಲಿಸಬೇಕಾದ ನೀರಿನ ಜಡತ್ವ ಗಾಳಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ, ಕೇಬಲ್ಲಿಗೆ ಕಟ್ಟಿ ಹಾರಿಸಿ ನೋಡಿದರೆ ನಿಮಗೆ ಕಾಣುವುದು ಗಾಳಿಪಟ, ಸೋನಾರ್ ಅಲ್ಲ.

ಶಾಂತ ನೀರಿನಲ್ಲಿ ದೋಣಿ

ಬಡ ತಂಡಗಳ ಪರೀಕ್ಷೆ ಎಂದು ಇದನ್ನು ಕಡೆಗಣಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಲಾಶಯ, ಸರೋವರ ಅಥವಾ ಬಂದರಿನೊಳಗಿನ ನೀರಿನಲ್ಲಿ, ನಿಜವಾದ ಉಪಕರಣವನ್ನು, 30 ರಿಂದ 50 ಮೀಟರ್ ನಿಜವಾದ ಕೇಬಲ್ಲಿಗೆ ಕಟ್ಟಿ, ಬೇಕಾದಷ್ಟು ಹೊತ್ತು ಎಳೆಯಬಹುದು. ಅಳತೆಯ ಪ್ರಮಾಣದ ತೊಡಕಿಲ್ಲ, ಕಾಲದ ತೊಡಕಿಲ್ಲ. ಅಲೆ ಇಲ್ಲದ್ದರಿಂದ, ಕಂಡುಬರುವ ಯಾವ ಅಲುಗಾಟವನ್ನೂ ಹಡಗಿನ ಮೇಲೆ ಹೊರಿಸುವಂತಿಲ್ಲ. ಅದು ಉಪಕರಣದ್ದು ಅಥವಾ ಕೇಬಲ್ಲಿನದು. ಖರ್ಚಿಗೆ ಹೋಲಿಸಿದರೆ ಇಷ್ಟು ಮಾಹಿತಿ ಕೊಡುವ ವಿಧಾನ ಇನ್ನೊಂದಿಲ್ಲ.

ಕೆಲವು ಎಚ್ಚರಿಕೆಗಳು ಬೇಕು. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಸಾಂದ್ರ. 40 ಲೀಟರ್ ನೀರನ್ನು ಸ್ಥಳಾಂತರಿಸುವ ಉಪಕರಣ ಸರೋವರದಲ್ಲಿ ಒಂದು ಕಿಲೋ ಹೆಚ್ಚು ತೂಗುತ್ತದೆ. ಸಮುದ್ರದೊಳಗೆ ಅದರ ತೂಕ ಐದು ಕಿಲೋ ಮಾತ್ರ ಎಂದಾದರೆ ಈ ವ್ಯತ್ಯಾಸ ಶೇಕಡಾ 20. ಹೆಚ್ಚುವರಿ ತೇಲುವ ತುಂಡು ಕಟ್ಟಿ ಇದನ್ನು ಸರಿದೂಗಿಸಿ, ಅದನ್ನು ಕಟ್ಟುವ ಜಾಗ ಉಪಕರಣದ ಸಮತೋಲವನ್ನು ಕೆಡಿಸದಂತೆ ನೋಡಿಕೊಳ್ಳಿ. ದೋಣಿಯ ಪ್ರೊಪೆಲ್ಲರ್ ಕದಡಿದ ನೀರಿನಲ್ಲೇ ಉಪಕರಣ ಸಾಗದಿರಲಿ, ಪಕ್ಕದ ತೋಳಿನಿಂದ ಎಳೆಯಿರಿ ಅಥವಾ ಸಾಕಷ್ಟು ಆಳಕ್ಕೆ ಬಿಡಿ. ಜಿಪಿಎಸ್ ಕೊಡುವುದು ನೆಲಕ್ಕೆ ಹೋಲಿಸಿದ ವೇಗ, ರೆಕ್ಕೆಗೆ ಬೇಕಾದದ್ದು ನೀರಿಗೆ ಹೋಲಿಸಿದ ವೇಗ. ಸೆಳವು ಇದ್ದ ಕಡೆ ಎರಡೂ ದಿಕ್ಕಿನಲ್ಲಿ ಓಡಿಸಲೇಬೇಕು.

ಮೊದಲ ಓಟಗಳಲ್ಲಿ ಮಾಡಬೇಕಾದದ್ದು ಸರಳ. 2, 4, 6 ನಾಟ್‌ಗಳಲ್ಲಿ ಮೂತಿಯ ಏರಿಳಿತದ ಕೋನವನ್ನು ಬರೆದುಕೊಳ್ಳಿ. ವೇಗದೊಂದಿಗೆ ಅದು ಬದಲಾಗುತ್ತಿದ್ದರೆ ಎಳೆಯುವ ಬಿಂದು ಸರಿಯಾದ ಜಾಗದಲ್ಲಿಲ್ಲ. ಕೆಳವೇಗದಲ್ಲಿ ತೂಕ, ಮೇಲುವೇಗದಲ್ಲಿ ನೀರಿನ ತಡೆ ಉಪಕರಣವನ್ನು ಬೇರೆ ಬೇರೆ ಕೋನಕ್ಕೆ ಎಳೆಯುತ್ತಿವೆ.

ಸಮುದ್ರ ಪರೀಕ್ಷೆ

ಮೂರೂ ಭಾಗಗಳು ಒಟ್ಟಿಗೆ ಇರುವುದು ಇಲ್ಲಿ ಮಾತ್ರ. ಅತಿ ದುಬಾರಿ, ಅತಿ ಅನಿಶ್ಚಿತ, ಆದರೂ ತಪ್ಪಿಸಲಾಗದ್ದು. ಹಡಗಿನ ದಿನದ ಬಾಡಿಗೆ ಓಡುತ್ತಿರುತ್ತದೆ, ಹವಾಮಾನ ನಿಮ್ಮ ಮಾತು ಕೇಳುವುದಿಲ್ಲ. ಅಲೆಯ ಎತ್ತರ ಅರ್ಧ ಮೀಟರಿನಿಂದ 1.25 ಮೀಟರ್ ಇರುವ ಮೂರನೇ ಹಂತದ ಸಮುದ್ರದಲ್ಲಿ ತೇರ್ಗಡೆಯಾದ ಉಪಕರಣ ನಾಲ್ಕನೇ ಹಂತದಲ್ಲಿ ಏನು ಮಾಡೀತೆಂದು ಆ ದಿನ ತಿಳಿಯದೆ ಹೋಗಬಹುದು. ಆದ್ದರಿಂದ ಸಮುದ್ರದ ದಿನವನ್ನು ಉಪಕರಣ ಸರಿಪಡಿಸಲು ಖರ್ಚುಮಾಡಬಾರದು. ರೆಕ್ಕೆ, ಬಿಂದು, ಸಮತೋಲಗಳ ಕೆಲಸ ದಡದಲ್ಲೇ ಮುಗಿದಿರಬೇಕು.

ಅಳತೆಯಲ್ಲಿ ಎರಡು ತಪ್ಪುಗಳು ಬಹಳ ಸಾಮಾನ್ಯ. ಗುರುತ್ವವನ್ನು ಆಧರಿಸಿ ಓರೆ ತೋರಿಸುವ ಅಗ್ಗದ ಸಂವೇದಕ ಪಕ್ಕದ ಜಗ್ಗಾಟವನ್ನೂ ಓರೆ ಎಂದೇ ಓದುತ್ತದೆ. ಸೆಕೆಂಡಿನ ವರ್ಗಕ್ಕೆ 0.5 ಮೀಟರ್ ವೇಗೋತ್ಕರ್ಷವಿದ್ದರೆ ಮೂರು ಡಿಗ್ರಿಯಷ್ಟು ಸುಳ್ಳು ಓರೆ ದಾಖಲಾಗುತ್ತದೆ. ತಿರುಗುವ ವೇಗವನ್ನು ಅಳೆಯುವ ಗೈರೋ ಇರುವ ಸಂವೇದಕವನ್ನೇ ಬಳಸಿ. ಎರಡನೆಯದು, ಹಡಗಿನ ಚಲನೆಯನ್ನು ಅದರ ನಡುಭಾಗದಲ್ಲಿ ಅಳೆಯುವುದು. ಕೇಬಲ್ ಇಳಿಯುವ ರಾಟೆಯ ಬಳಿ ಅಳೆಯಬೇಕು, ಹಿಂಬದಿಯ ಏರಿಳಿತ ನಡುವಿನದಕ್ಕಿಂತ ಬಹಳ ಹೆಚ್ಚಿರುತ್ತದೆ. ರಾಟೆಯ ಚಲನೆ, ಕೇಬಲ್ಲಿನ ಎಳೆತ, ಉಪಕರಣದ ಆಳ ಮತ್ತು ಕೋನಗಳು ಒಂದೇ ಗಡಿಯಾರದಲ್ಲಿ ದಾಖಲಾದರೆ ಅಲುಗಾಟ ಎಲ್ಲಿಂದ ಬಂತೆಂದು ಹೇಳಬಹುದು. ರಾಟೆಯ ಏರಿಳಿತದ ಅವಧಿಯೇ ಉಪಕರಣದ ಅಲುಗಾಟದಲ್ಲೂ ಕಂಡರೆ ದೋಷ ಮೇಲಿನಿಂದ ಇಳಿದದ್ದು. ಬೇರೆ ಅವಧಿ ಕಂಡರೆ ಉಪಕರಣದ್ದೋ ಕೇಬಲ್ಲಿನದೋ ಸ್ವಂತ ಅಲುಗಾಟ ಎಂದು ಶಂಕಿಸಬೇಕು. ಪ್ರತಿ ಓಟ ಹತ್ತು ನಿಮಿಷಕ್ಕೆ ಕಡಿಮೆ ಇರದಿರಲಿ, 8 ಸೆಕೆಂಡಿನ ಅಲೆಗಳಾದರೆ 75 ಅಲೆಗಳು ಸಿಗುತ್ತವೆ. ಅಲೆಗೆ ಎದುರಾಗಿ, ಅಲೆಯ ಜೊತೆಗೆ, ಅಡ್ಡಲಾಗಿ, ಆಮೇಲೆ ತಿರುವಿನಲ್ಲಿ ಓಡಿಸಿ. ಬಿಗಿಯಾದ ಕೇಬಲ್ಲಿನ ದಾರಿಯಲ್ಲಿ ಯಾರೂ ನಿಲ್ಲಕೂಡದು.

ಹಾಗಾದರೆ ನಿಮಗೆ ಯಾವುದು?

ಸಿದ್ಧ ಸೋನಾರನ್ನು ಕೊಂಡು ಹೊಸ ಹಡಗಿನಿಂದ ಎಳೆಯುವವರು ಟ್ಯಾಂಕಿನ ಯೋಚನೆಯನ್ನೇ ಬಿಡಿ. ದೇಹದ ಸ್ಥಿರತೆಯನ್ನು ತಯಾರಕರು ನೋಡಿರುತ್ತಾರೆ, ನಿಮ್ಮ ಅಪಾಯ ಹಡಗಿನ ಏರಿಳಿತ. ಕೇಬಲ್ಲಿನ ಲೆಕ್ಕ ಮಾಡಿ, ಉಳಿದ ಹಣವನ್ನು ಸಮುದ್ರ ಪರೀಕ್ಷೆಗೆ ಮತ್ತು ಎರಡು ಹಂತದ ಎಳೆತದ ವ್ಯವಸ್ಥೆಗೆ ಹಾಕಿ. ಮುಖ್ಯ ಕೇಬಲ್ಲಿನ ತುದಿಗೆ ಭಾರದ ಗುಂಡು, ಅದರಿಂದ ಹಿಂದಕ್ಕೆ ನೀರಿನಲ್ಲಿ ತೂಕವಿಲ್ಲದ ಕೇಬಲ್ಲು, ಅದರ ತುದಿಗೆ ಉಪಕರಣ. ಏರಿಳಿತದ ಬಹುಪಾಲು ಆ ಗುಂಡಿನಲ್ಲೇ ಉಳಿದುಹೋಗುತ್ತದೆ. ಇಳಿಸುವುದು, ಎತ್ತುವುದು ಮಾತ್ರ ಇದರಿಂದ ಕಷ್ಟವಾಗುತ್ತದೆ.

ಸ್ವಂತ ಉಪಕರಣ ಕಟ್ಟುತ್ತಿರುವ ವಿದ್ಯಾರ್ಥಿ ತಂಡ ಅಥವಾ ಸಣ್ಣ ಪ್ರಯೋಗಾಲಯಕ್ಕೆ ಕೈಲೆಕ್ಕ ಮತ್ತು ಶಾಂತ ನೀರಿನ ದೋಣಿ ಸಾಕು. ಹತ್ತಿರದ ಸಂಸ್ಥೆಯ ಹರಿವು ಕಾಲುವೆಯಲ್ಲಿ ಒಂದು ದಿನ ಸಿಕ್ಕರೆ ಬಿಡಬೇಡಿ. ಸಿಎಫ್‌ಡಿ ಕಲಿಯಲು ತಿಂಗಳುಗಳನ್ನು ಕಳೆಯುವ ಬದಲು, ಕಳಚಿ ಬದಲಿಸಬಹುದಾದ ರೆಕ್ಕೆಗಳನ್ನೂ ಸಾಲಾಗಿ ತೂತುಗಳಿರುವ ಎಳೆಯುವ ಪಟ್ಟಿಯನ್ನೂ ಮಾಡಿಕೊಳ್ಳಿ.

ರೆಕ್ಕೆ ತಿರುಗಿಸಿ ತಾನೇ ಏರಿಳಿಯುವ ಉಪಕರಣವನ್ನು ರೂಪಿಸುವವರಿಗೆ ಅಡ್ಡದಾರಿಗಳಿಲ್ಲ. ನಿಯಂತ್ರಕಕ್ಕೆ ಬೇಕಾದ ಗುಣಾಂಕಗಳು ಬಲವಂತದ ಅಲುಗಾಟದ ಪರೀಕ್ಷೆಯಿಂದಲೇ ಬರಬೇಕು, ತಪ್ಪು ಗುಣಾಂಕದ ನಿಯಂತ್ರಕ ತಾನೇ ಅಲುಗಾಟವನ್ನು ಹುಟ್ಟಿಸುತ್ತದೆ. ಟ್ಯಾಂಕು, ಕೇಬಲ್ಲಿನ ಲೆಕ್ಕ, ದೋಣಿ, ಸಮುದ್ರ ಈ ಕ್ರಮದಲ್ಲೇ ಸಾಗಿ. ಹಣ ಕಡಿಮೆಯಾದರೆ ಸಮುದ್ರದ ದಿನಗಳನ್ನು ಕಡಿತಗೊಳಿಸಿ, ಟ್ಯಾಂಕನ್ನಲ್ಲ.

ಸಾವಿರಾರು ಮೀಟರ್ ಆಳದಲ್ಲಿ ಎಳೆಯುವವರಿಗೆ ಕ್ರಮ ತಲೆಕೆಳಗು. ಅಷ್ಟು ಉದ್ದದಲ್ಲಿ ಕೇಬಲ್ಲೇ ದೊರೆ, ಉಪಕರಣ ಅದರ ಬಾಲ. ಕೇಬಲ್ಲಿನ ಲೆಕ್ಕಕ್ಕೆ ಮೊದಲ ಹಣ, ಆ ಲೆಕ್ಕವನ್ನು ಒರೆಹಚ್ಚಲು ಆಳ ಕಡಿಮೆ ಇರುವ ಸಮುದ್ರದಲ್ಲಿ ಒಂದು ಓಟ, ಆಮೇಲೆ ಆಳಕ್ಕೆ. ಆ ಓಟದಲ್ಲಿ ಉಪಕರಣದ ಆಳವೂ ಕೇಬಲ್ಲಿನ ಎಳೆತವೂ ಲೆಕ್ಕಕ್ಕೆ ಹೊಂದದಿದ್ದರೆ ಮುಂದೆ ಹೋಗಬೇಡಿ. ಮೊದಲು ಕೇಬಲ್ಲಿನ ತಡೆಯ ಗುಣಾಂಕವನ್ನು ತಿದ್ದಿ, ಎರಡೂ ಅಂಕಿಗಳು ಒಂದೇ ಗುಣಾಂಕಕ್ಕೆ ಒಪ್ಪುತ್ತವೆಯೇ ನೋಡಿ. ಒಂದು ಒಪ್ಪಿ ಇನ್ನೊಂದು ಒಪ್ಪದಿದ್ದರೆ ಉಪಕರಣದ ನೀರಿನೊಳಗಿನ ತೂಕವನ್ನು ಮತ್ತೆ ತೂಗಿ ನೋಡಿ.